ಹಣ್ಣು ಮುಗಿದ ಮೇಲಿನ ಊರುಗಳು

ಅಥವಾ ಅದು ಎಡಗೈ ಅಲ್ಲದೆ ಬಲಗೈ ಇದ್ದೀತು. ದವಾಖಾನೆಯಲ್ಲಿ ಅವರ ಮಂಚ ಕಿಟಕಿಯ ಕಡೆ, ನನ್ನ ಅವ್ವನದು ಗೋಡೆಯ ಕಡೆ, ನಡುವೆ ಸ್ಟೂಲಿನ ಮೇಲೆ ನಾನು. ನನ್ನ ಕಡೆಗೆ ಚಾಚಿದ್ದು ಎಡಗೈ ಎಂದೇ ಇಷ್ಟು ದಿನ ನಂಬಿದ್ದೆ. ಹಾಗಾಗಬೇಕಾದರೆ ಅವರು ಬಾಗಿಲಿಗೆ ಮುಖ ಮಾಡಿ ಮಲಗಿರಬೇಕು, ಹಾಗೆ ಮಲಗಿದವರಿಗೆ ಹೊರಗಿನ ಬೇವಿನ ಗಿಡ ಕಾಣುವುದಿಲ್ಲ. ಅವರು ಗಿಡ ನೋಡುತ್ತಲೇ ಮಾತಾಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಎರಡರಲ್ಲಿ ಒಂದು ಸುಳ್ಳು. ಯಾವುದೆಂದು ತಿಳಿಯದೆ ಮುಂದಕ್ಕೆ ಹೋಗುತ್ತೇನೆ.

ಕೈಯೊಳಗಿನ ಸದ್ದಂತೂ ನಿಜ. ಕಿಡ್ನಿ ಕೆಲಸ ಬಿಟ್ಟವರ ಕೈಯಲ್ಲಿ ಎರಡು ರಕ್ತನಾಳಗಳನ್ನು ಕೂಡಿಸಿ ಹೊಲಿದಿರುತ್ತಾರೆ, ಡಯಾಲಿಸಿಸ್ಸಿನ ಸೂಜಿ ಚುಚ್ಚಲಿಕ್ಕೆ. ಆ ಜಾಗದಲ್ಲಿ ತೊಗಲಿನ ಕೆಳಗೆ ರಕ್ತ ಗುಂಯ್‌ಗುಡುತ್ತ ಹರಿಯುತ್ತದೆ. ಪರಿಚಯವಾದ ದಿನವೇ ಅವರು ನನ್ನ ಬೆರಳು ಹಿಡಿದು ಅಲ್ಲಿಟ್ಟರು.

"ಗೊತ್ತಾತೇನ್ರಿ ಮಾಸ್ತರ? ನಮ್ಮ ಅಂಗಡಿ ಮಷೀನ ಇದು. ಅಲ್ಲೆ ಬಂದ್ ಮಾಡಿ ಕೀಲಿ ಹಾಕಿ ಬಂದರ ಇಲ್ಲೆ ಚಾಲೂ ಆಗೇತಿ."

ಅವರದು ಗಜೇಂದ್ರಗಡದಲ್ಲಿ ಗಾದಿಯ ಅಂಗಡಿ. ಹತ್ತಿ ಹಿಂಜುವುದು, ಗಾದಿ ತುಂಬುವುದು, ಹಳೆಯ ಗಾದಿ ಬಿಚ್ಚಿ ಮತ್ತೆ ಹಿಂಜಿ ಕೊಡುವುದು. ಅವರಪ್ಪ ಬಿಲ್ಲಿನಂಥ ಹಿಂಜುಗೋಲು ಹೆಗಲಿಗೆ ಹಾಕಿಕೊಂಡು ಮನೆಮನೆಗೆ ತಿರುಗಿದವನಂತೆ. ಇವರ ಕಾಲಕ್ಕೆ ಮಷೀನು ಬಂತು. ಡಯಾಲಿಸಿಸ್ಸಿಗೆ ಪಾಳಿ ಸಿಕ್ಕಿದ್ದು ರೋಣದ ದವಾಖಾನೆಯಲ್ಲಿ, ಸೋಮವಾರ ಮತ್ತು ಗುರುವಾರ, ನನ್ನ ಅವ್ವನ ಹೊತ್ತಿಗೇ. ನಾನು ಮನೆಯಲ್ಲಿ ಟ್ಯೂಷನ್ ಹೇಳುವವನಾದ್ದರಿಂದ ಮುಂಜಾನೆಯ ಹೊತ್ತು ನನ್ನದೇ. ಹೀಗೆ ವಾರಕ್ಕೆರಡು ಸಲ, ಅವರ ರಕ್ತ ಒಂದು ಮಷೀನಿನಲ್ಲಿ, ಅವ್ವನ ರಕ್ತ ಇನ್ನೊಂದರಲ್ಲಿ ತಿರುಗುತ್ತಿರುವಾಗ ನಾನು ನಡುವೆ ಕೂತು ಕೇಳಿದ್ದಷ್ಟೇ ನನಗೆ ಗೊತ್ತಿರುವ ಅವರು. ಹೆಸರು ಬರೆಯುವುದಿಲ್ಲ. ಬರೆದರೆ ಅವರು ಹೀಗೇ ಇದ್ದರೆಂದು ನಾನು ಸಾಧಿಸಿದಂತಾಗುತ್ತದೆ. ಅಷ್ಟು ಖಾತ್ರಿ ನನಗಿಲ್ಲ. ನಾನು ಕಾಕಾ ಎನ್ನುತ್ತಿದ್ದೆ, ಅವ್ವ ಭಾಯಿ ಎನ್ನುತ್ತಿದ್ದಳು.

ಮಂಚಕ್ಕೆ ಬಂದ ಕೂಡಲೆ ಅಂಗೈಯಿಂದ ಗಾದಿಯನ್ನು ಎರಡು ಕಡೆ ಒತ್ತಿ ನೋಡುತ್ತಿದ್ದರು. ಪ್ರತಿ ಸಲವೂ, ಅದೇ ಗಾದಿ ಎಂದು ಗೊತ್ತಿದ್ದೂ.

"ಇದರೊಳಗ ಹತ್ತಿ ಇಲ್ರಿ. ಇದರ ಮ್ಯಾಲ ಮಲಗಿದ್ರ ಮನಷ್ಯಾ ಮಲಗಿದಂಗ ಅನಸೂದಿಲ್ಲ, ಸಾಮಾನ ಇಟ್ಟಂಗ ಅನಸತೈತಿ."

ಸೂಟಿಯ ಮಾತು ಯಾವಾಗ ಶುರುವಾಯಿತೋ ಸರಿಯಾಗಿ ಹೇಳಲಾರೆ. ಬೇಸಿಗೆ ಇರಬೇಕು, ಯಾಕೆಂದರೆ ಅವ್ವ ಬಾಯಲ್ಲಿ ಲವಂಗ ಇಟ್ಟುಕೊಂಡಿದ್ದಳು. ಈ ರೋಗದವರಿಗೆ ಕುಡಿಯುವ ನೀರಿಗೆ ಲೆಕ್ಕವಿದೆ, ಇಡೀ ದಿನಕ್ಕೆ ಒಂದು ತಂಬಿಗೆಯೂ ಇಲ್ಲ. ಕುಡಿದದ್ದು ಹೊರಗೆ ಹೋಗುವ ದಾರಿ ಮುಚ್ಚಿರುತ್ತದೆ. ರೋಣದ ಬಿಸಿಲಿನಲ್ಲಿ ಅವ್ವ ಲವಂಗ ಕಚ್ಚಿ ಬಾಯಾರಿಕೆಯನ್ನು ಮರೆಸುತ್ತಿದ್ದಳು. ಕಾಕಾ ಒಂದು ಒದ್ದೆ ಅರಿವೆಯಿಂದ ತುಟಿ ಒರೆಸಿಕೊಳ್ಳುತ್ತಿದ್ದರು. ಅರಿವೆ ಹೀರಬಾರದು ಎಂದು ಸಿಸ್ಟರ್ ಎಚ್ಚರಿಸಿದ್ದಳು, ಆದರೂ ಒಮ್ಮೊಮ್ಮೆ ಹೀರುವುದು ಕಾಣುತ್ತಿತ್ತು.

"ಅಕ್ಕಾರ, ಈ ಬ್ಯಾಸಿಗಿ ಸೂಟಿಗೆ ಎಲ್ಲಿ ಹೋದರ ಚಲೋರಿ?" ಎಂದರು ಕಾಕಾ.

"ಸೂಟಿ? ನಿನಗ ಯಾರು ಕೊಟ್ರೋ ಭಾಯಿ ಸೂಟಿ? ಸೋಮಾರ ಬಂದು ಹಾಜರಿ ಹಚ್ಚಲಿಲ್ಲಂದ್ರ ಮರುದಿನಾ ಹೊತ್ಕೊಂಡು ಹೋಗೂದು."

"ಗುರುವಾರ ಮಧ್ಯಾಹ್ನದಿಂದ ಸೋಮವಾರ ಮುಂಜಾನಿ ತನಕಾ ನಾ ಯಾರ ಆಳೂ ಅಲ್ರಿ. ಅಷ್ಟರಾಗ ಹೋಗಿ ಬರೂವಂಥಾ ಊರು ಹೇಳ್ರಿ."

"ಹಂಗಾರ ರತ್ನಾಗಿರಿಗೆ ಹೋಗು. ಸಮುದ್ರಾ ನೋಡು."

"ಮಾವಿನಹಣ್ಣಿನ ಹಂಗಾಮದಾಗ ರತ್ನಾಗಿರಿ? ಅಕ್ಕಾರ, ನನ್ನ ಕೊಲ್ಲಬೇಕಂತ ಮಾಡೀರೇನು?"

ಅವರು ಹೇಳಿದ್ದು ಬರಿಯ ಚೇಷ್ಟೆಯಲ್ಲ. ಮಾವಿನಹಣ್ಣು, ಬಾಳೆಹಣ್ಣು, ಎಳನೀರು ಈ ರೋಗದವರ ಪಾಲಿಗೆ ವಿಷ. ಅದರ ಸಾರ ರಕ್ತದಲ್ಲಿ ಉಳಿದು ಎದೆಬಡಿತವನ್ನೇ ನಿಲ್ಲಿಸಬಹುದು. ಕಾಕಾನಿಗೆ ತನ್ನ ನಾಲಿಗೆಯ ಮೇಲೆ ಭರವಸೆಯಿರಲಿಲ್ಲ. ಹಣ್ಣು ಕಣ್ಣೆದುರಿಗೆ ಬಂದರೆ ತಿಂದೇಬಿಡುತ್ತೇನೆ ಎನ್ನುತ್ತಿದ್ದರು. ಅದಕ್ಕಾಗಿ ಅವರ ಪ್ರವಾಸದ ಲೆಕ್ಕವೆಲ್ಲ ಉಲ್ಟಾ. ಮಾವಿನ ಊರಿಗೆ ಹೋಗುವುದಾದರೆ ಮಾವು ಮುಗಿದ ಮೇಲೆ. ವಿಜಯಪುರದ ಕಡೆ ದ್ರಾಕ್ಷಿ ಬಳ್ಳಿಗಳು ಬೋಳಾಗಿರುವಾಗ. ನಾಗಪುರಕ್ಕೆ ಕಿತ್ತಳೆ ಇಲ್ಲದ ತಿಂಗಳಲ್ಲಿ. ತೆಂಗಿಗೆ ಹಂಗಾಮು ಎನ್ನುವುದೇ ಇಲ್ಲವಾದ್ದರಿಂದ ಸಮುದ್ರ ಪೂರ್ತಿ ರದ್ದು. ಯಾವ ಋತುವಿನಲ್ಲಿ ಯಾವ ಊರು ಬಣಗುಡುತ್ತದೆಂದು ಅವರು ಅಂಗಡಿಗೆ ಬರುವ ಲಾರಿಯವರನ್ನು, ಸಂತೆಯ ಹಣ್ಣಿನವರನ್ನು ಕೇಳಿಕೊಂಡು ಬರುತ್ತಿದ್ದರು.

ಅವ್ವ ಇದನ್ನು ಆಟ ಮಾಡಿಕೊಂಡಳು. "ಭಾಯಿ, ಥಂಡಿ ದಿನಕ್ಕ ನರೇಗಲ್ಲ ಕಡೆ ಹೊಲಕ್ಕ ಹೋಗು. ಹಸಿ ಕಡಲಿ ಸುಲಗಾಯಿ ತಿನ್ನು."

"ಸುಲಗಾಯಿನೂ ಬಂದ್‌ರಿ ಅಕ್ಕಾರ. ಸಿಸ್ಟರ್ ಬೈತಾರ."

ಸಿಸ್ಟರ್ ನರಗುಂದದವಳು, ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಸೂಜಿಯ ಪಟ್ಟಿ ಬಿಗಿಮಾಡುತ್ತ ಅಂದಳು: "ಎಲ್ಲೂ ಬ್ಯಾಡ ಕಾಕಾ, ನಮ್ಮ ನರಗುಂದ ಗುಡ್ಡಕ್ಕ ಬರ್ರಿ."

"ನಿಮ್ಮ ಗುಡ್ಡದ ಮ್ಯಾಲ ನೀರ ಇಲ್ಲಲ್ರಿ ಸಿಸ್ಟರ್."

"ನಿಮಗೂ ಬ್ಯಾಡಲ್ಲ. ಜೋಡಿ ಚಲೋ ಆತು."

ನಗು. ನಗುವಾಗ ಮಷೀನಿನ ಕೊಳವೆ ಅಲುಗಿತು, ಗಂಟೆ ಬಡಿದುಕೊಂಡಿತು, ಎಲ್ಲರೂ ಸುಮ್ಮನಾದೆವು. ಅಲ್ಲಿ ನಗುವುದಕ್ಕೂ ಒಂದು ಅಳತೆಯಿತ್ತು. ಸೂಜಿ ಇರುವ ಕೈ ಮಡಿಸುವಂತಿಲ್ಲ, ಮಗ್ಗುಲಾಗುವಂತಿಲ್ಲ, ಎದ್ದು ಕೂರುವಂತಿಲ್ಲ. ಮೂಗಿನ ಮೇಲೆ ನೊಣ ಕೂತರೂ ಇನ್ನೊಂದು ಕೈಯಿಂದಲೇ ಹಾರಿಸಬೇಕು. ಹಾಗೆ ಅಂಗಾತ ಬಿದ್ದುಕೊಂಡು ಆ ಮನುಷ್ಯ ಊರುಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿ ಕೈಬಿಡುತ್ತಿದ್ದರು.

ಯಾಕೆ ಹೋಗಬೇಕು ಎಂದು ಒಮ್ಮೆ ಕೇಳಿದೆ. ಅವರು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಾಗ ನನಗೆ ಅನುಮಾನ. ಇಷ್ಟು ದಿನಗಳಲ್ಲಿ ನಾನದನ್ನು ಯಾರ್ಯಾರಿಗೋ ಹೇಳಿದ್ದೇನೆ, ಹೇಳಿದಂತೆಲ್ಲ ಅದು ನುಣುಪಾಗಿರಬೇಕು. ಆದರೂ ಗಾದಿಯ ಮಾತು ಅವರದೇ.

"ನನ್ನ ಕೈ ನೋಡಿ 'ಎಷ್ಟ ದಿನಾ ಆತು' ಅಂತ ಕೇಳದಾವರ ಜೋಡಿ ಕುಂತು ಚಾ ಕುಡೀಬೇಕ್ರಿ. ಮತ್ತ, ಹುಟ್ಟಿದಾಗಿಂದ ನಾನ ತುಂಬಿದ ಗಾದಿ ಮ್ಯಾಲ, ಇಲ್ಲಾಂದ್ರ ನಮ್ಮಪ್ಪ ತುಂಬಿದ ಗಾದಿ ಮ್ಯಾಲ ಮಲಗೇನಿ. ಒಂದ ರಾತ್ರಿ ಬ್ಯಾರೆದವರು ತುಂಬಿದ್ದರ ಮ್ಯಾಲ ಮಲಗಿ ಏಳಬೇಕು. ನಮ್ಮ ಮನಿಯಾಕಿನೂ ಎಲ್ಲೂ ನೋಡಿಲ್ಲ. ಅಷ್ಟರ ಮ್ಯಾಲ ಈ ಮಷೀನಿಗೆ ಬೇಕಾದಷ್ಟ ದಿನಾ ಕೈ ಕೊಡತೇನಿ."

ಮನೆಯಾಕೆ ಹೊರಗೆ ಬೇವಿನ ಗಿಡದ ಕೆಳಗೆ ಕೂತಿರುತ್ತಿದ್ದಳು, ಮಡಿಲಲ್ಲಿ ತಲೆದಿಂಬಿನ ಗವಸು, ಬಾಯಲ್ಲಿ ದಾರದ ತುದಿ. ಅವಳಿಗೆ ಹೋಗುವುದು ಬೇಡವಾಗಿತ್ತು. ಅದನ್ನವಳು ನನಗೆ ಒಮ್ಮೆ ನೇರವಾಗಿ ಹೇಳಿದಳು: "ದಾರ್ಯಾಗ ಏನಾರ ಆದರ ನಾ ಯಾರನ್ನ ಕರೀಲಿರಿ ತಮ್ಮಾ? ನನಗ ಮರಾಠಿ ಬರೂದಿಲ್ಲ."

ಊರು ಸಿಗುವುದು, ಋತು ಮುಗಿಯುವುದು, ಹೀಗೇ ನಡೆಯಿತು. ಬೇಸಿಗೆಗೆ ತಂಪು ಊರೊಂದು ಗೊತ್ತಾಯಿತು. ಅಷ್ಟರಲ್ಲಿ ಮದುವೆಯ ಗಾದಿಗಳ ಸುಗ್ಗಿ, ಅಂಗಡಿ ಮುಚ್ಚುವಂತಿಲ್ಲ. ಚಳಿಗೆ ಒಂದು ಊರಾಯಿತು. ಕೈಯ ನಾಳ ಊದಿಕೊಂಡಿತು. ಕೊನೆಗೆ ಮಳೆಗಾಲಕ್ಕೆ ಅಂಬೋಲಿ. ಬೆಳಗಾವಿ ದಾಟಿ ಘಟ್ಟದ ಮೇಲಿನ ಊರು.

"ಮಳಿಗಾಲದಾಗ ಅಲ್ಲಿ ಮಳಿ ಬಿಟ್ಟರ ಏನೂ ಇಲ್ಲಂತರಿ" ಎಂದು ಕಾಕಾ ಗುರುವಾರ ಬಂದವರೇ ಸಾರಿದರು. "ಹಣ್ಣಿಲ್ಲ, ಎಳನೀರಿಲ್ಲ, ಬಿಸಿಲಂತೂ ಮೊದಲ ಇಲ್ಲ. ತಂಪು ಅಂದ್ರ ತಂಪು. ನೀರಡಿಕೀನ ಆಗೂದಿಲ್ಲ."

"ಆಮ್ಯಾಲ ಗೋವಿನಜ್ವಾಳದ ತೆನಿ?" ಎಂದಳು ಅವ್ವ. "ಮಳ್ಯಾಗ ಸುಡತಾರ. ಉಪ್ಪು ಖಾರಾ ಹಚ್ಚಿ ಕೊಡತಾರ."

ಅವರ ಮುಖ ಒಂದು ಕ್ಷಣ ಕುಂದಿತು. ನೀರಡಿಸುವ ಉಪ್ಪಿನ ತೆನೆಯನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. "ಹಲ್ಲ ನೋವು ಅಂತ ಹೇಳತೇನ್ರಿ" ಎಂದರು.

ಅಂದು ಸೂಜಿ ತೆಗೆದಾದ ಮೇಲೆ ಬಿಳಿ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿ ಗುಂಡಿ ಹಾಕಿಕೊಂಡರು. ಕೈ ಮುಚ್ಚಿದ ಅವರನ್ನು ನಾನು ನೋಡಿದ್ದು ಅದೊಂದೇ ಸಲ. ಹೊರಗೆ ಹೆಂಡತಿ ಚೀಲ ಹಿಡಿದು ನಿಂತಿದ್ದಳು. ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ಹೋದದ್ದನ್ನು ಕಂಡೆ. ಕಂಡೆನೆಂದೇ ಇಟ್ಟುಕೊಳ್ಳೋಣ.

ಸೋಮವಾರ ಅವರು ಬಂದಾಗ ಕಾಲುಗಳು ಊದಿದ್ದವು. ನಾಲ್ಕು ಹೆಜ್ಜೆಗೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ತೂಕದ ಕಾಟದ ಮೇಲೆ ನಿಂತಾಗ ಸಿಸ್ಟರ್ ಮುಳ್ಳನ್ನು ಎರಡು ಸಲ ನೋಡಿದಳು. ಮಂಚಕ್ಕೆ ಕರೆದುಕೊಂಡು ಹೋಗಿ ಮೂಗಿಗೆ ಆಕ್ಸಿಜನ್ ಹಚ್ಚಿ, ಮಷೀನು ಶುರು ಮಾಡಿ, ಆಮೇಲೆ ಬೈದಳು.

"ಎಷ್ಟ ನೀರ ಕುಡದ್ರಿ ಕಾಕಾ? ಖರೇ ಹೇಳ್ರಿ."

"ಇಲ್ಲೆ ಕುಡಿಯೂದಕ್ಕಿಂತ ಕಡಿಮೀನ ಕುಡದೇನ್ರಿ. ಅಲ್ಲಾನ ಆಣಿ."

"ಥಂಡ್ಯಾಗ ಬೆವರ ಬರತೈತೇನು? ಇಲ್ಲೆ ಬಿಸಿಲಾಗ ನೀವು ಕುಡದದ್ದು ಅರ್ಧಾ ಬೆವತು ಹೊಕ್ಕೈತಿ. ಅಲ್ಲೆ ಮಂಜಿನಾಗ ಕುಂತ್ರ ಎಲ್ಲಾ ಒಳಗ ಉಳೀತೈತಿ. ತಂಪು ಊರಿಗೆ ಹೋಗಾಕ ನಿಮಗ ಯಾರ ಹೇಳಿದ್ರು?"

ಯಾರೂ ಹೇಳಿರಲಿಲ್ಲ. ನೀರಡಿಕೆ ಇಲ್ಲದ ಕಡೆ ನೀರಿನ ತೊಂದರೆಯೂ ಇರುವುದಿಲ್ಲವೆಂದು ಅವರು ತಾವೇ ತಿಳಿದುಕೊಂಡಿದ್ದರು. ಅವ್ವನೂ ಹಾಗೇ ತಿಳಿದಿದ್ದಳು, ನಾನೂ. ಬೇಸಿಗೆಯ ಬೆಂಕಿಯಲ್ಲಿ ಲವಂಗ ಕಚ್ಚುವವರಿಗೆ ಇನ್ನೇನು ತೋಚೀತು?

ಉಸಿರು ಹಗುರಾದ ಮೇಲೆ ಅವರು ಅಂಬೋಲಿಯ ಕಥೆ ಹೇಳಿದರು. ಕಿಟಕಿ ತೆಗೆದರೆ ಮಂಜು ಒಳಗೆ ಬರುತ್ತಿತ್ತು. ಮನೆಯಾಕೆ ಮುಚ್ಚಲು ಹೋದರೆ ಅವಳ ಕೈಯೇ ಕಾಣಲಿಲ್ಲ. ಲಾಡ್ಜಿನ ಗಾದಿ ತೆಂಗಿನ ನಾರಿನದು, ಹಸಿ, ಬೆನ್ನಿಗೆ ಚುಚ್ಚುತ್ತಿತ್ತು. "ಕೆಟ್ಟ ಕೆಲಸಾರಿ, ಹೊಲಿಗಿ ಟಾಕಿ ಎಲ್ಲಾ ಸಡಲ. ಆದರ ನಿದ್ದಿ ಎಂಥಾದ್ದು ಬಂತೂರಿ!" ಚಹಾದ ಅಂಗಡಿಯಲ್ಲಿ ಪಕ್ಕಕ್ಕೆ ಕೂತವನು ಮಳೆಯ ಬಗ್ಗೆ ಮಾತ್ರ ಮಾತಾಡಿದ. ಇಡೀ ದಿನ ಬಾಯಿ ಒಣಗಲಿಲ್ಲ. "ಬಾಯಿ ಐತಿ ಅನ್ನೂದ ಮರತಿದ್ದೆ ಅಕ್ಕಾರ."

ಅವ್ವ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಅವಳ ಬಾಯಲ್ಲಿ ಲವಂಗ ಅಲುಗುವುದು ನಿಂತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಕಾಕಾ ಮೇಲೆ ನೋಡುತ್ತ ಅಂದರು: "ಅಂದ್ರ ಸಿಸ್ಟರ್, ನನಗ ತಕ್ಕ ಊರು ಗಜೇಂದ್ರಗಡನ ಅನ್ರಿ. ಅದೂ ಬ್ಯಾಸಿಗ್ಯಾಗ."

ಯಾರೂ ನಗಲಿಲ್ಲ. ನಗಲೆಂದೇ ಹೇಳಿದ್ದರೋ ಏನೋ.

ಆಮೇಲೆ ಒಂದಷ್ಟು ವಾರ ಊರುಗಳ ಸುದ್ದಿಯಿಲ್ಲ. ಗಾದಿ ಒತ್ತಿ ನೋಡುವುದನ್ನೂ ಬಿಟ್ಟಿದ್ದರು. ಬಂದು ಮಲಗಿ ಕೈ ಕೊಡುತ್ತಿದ್ದರು. ಅವ್ವನೇ ತಡೆಯದೆ ಕೆಣಕಿದಳು: "ಏನೋ ಭಾಯಿ, ನಿನ್ನ ಮೋಟಾರು ಕೆಟ್ಟೈತೇನು? ಥಂಡಿ ಬಂತು, ಯಾವೂರು?"

"ಥಂಡಿಗೆ ಎಲ್ಲೂ ಇಲ್ರಿ. ಬ್ಯಾಸಿಗಿಗೆ ರಾಯಚೂರು."

"ಬ್ಯಾಸಿಗ್ಯಾಗ ರಾಯಚೂರಾ! ಮಂದಿ ಅಲ್ಲಿಂದ ಓಡಿ ಬರತಾರ."

"ಓಡಿ ಬಂದಾವರ ಗಾದಿ ಖಾಲಿ ಇರತಾವಲ್ರಿ" ಎಂದರು. ಈ ಸಲ ನಕ್ಕರು. ಆದರೆ ಚೇಷ್ಟೆಯಾಗಿರಲಿಲ್ಲ. ಅಲ್ಲಿ ಬೆವರು ಚೆನ್ನಾಗಿ ಬರುತ್ತದೆ, ಇಲ್ಲಿಗಿಂತ ಒಂದು ಲೋಟ ಹೆಚ್ಚು ಕುಡಿಯಬಹುದು ಎಂದು ಲೆಕ್ಕ ಹಾಕಿದ್ದರು. ಹೀಗೆ ಅವರ ಪ್ರವಾಸದ ಪಂಚಾಂಗ ಎರಡನೆಯ ಸಲ ಉಲ್ಟಾ ಆಯಿತು. ಮೊದಲು ಹಣ್ಣಿಲ್ಲದ ಊರು ಹುಡುಕುತ್ತಿದ್ದವರು ಈಗ ತಮ್ಮೂರಿಗಿಂತ ಕಡು ಬಿಸಿಲಿನ ಊರು ಹುಡುಕಬೇಕಾಯಿತು. ಅದನ್ನವರು ಎಷ್ಟು ಶ್ರದ್ಧೆಯಿಂದ ಮಾಡಿದರೆಂದರೆ, ಕೇಳುತ್ತ ಕೂತ ನನಗೆ ಎದ್ದು ಹೊರಗೆ ಹೋಗಬೇಕೆನಿಸಿತು. ಹೋಗಲಿಲ್ಲ. ಅವ್ವನ ಮಷೀನು ಮುಗಿಯುವುದು ಬಾಕಿ ಇತ್ತು.

ಬೇಸಿಗೆ ಬಂತು. ಒಂದು ಗುರುವಾರ ಅವರು ಬರಲಿಲ್ಲ. ಮನೆಯಲ್ಲಿ ಮುಂಜಾನೆ ಎದೆಬಡಿತ ನಿಂತಿತೆಂದು ಸಿಸ್ಟರ್ ಹೇಳಿದಳು. ಹೇಳಿ, ಅವರ ಮಂಚದ ಮೇಲೆ ಹೊಸ ಚಾದರ ಹಾಕಿದಳು.

ಅವ್ವ ಹಟ ಹಿಡಿದದ್ದರಿಂದ ಗಜೇಂದ್ರಗಡಕ್ಕೆ ಹೋದೆವು. ಅಂಗಡಿಯ ಹಿಂದೆಯೇ ಮನೆ. ಹಿಂಜುವ ಮಷೀನು ನಿಂತಿತ್ತು, ಗೋಡೆಯ ಮೇಲೆಲ್ಲ ಹತ್ತಿಯ ಧೂಳು. ಅವರ ಹೆಂಡತಿ ನಮಗೆ ಗಾದಿ ಹಾಸಿ ಕೂರಿಸಿ, ಅವ್ವನಿಗೆ ಅರ್ಧ ಲೋಟ ಚಹಾ ಕೊಟ್ಟಳು. ಅರ್ಧವೇ ಎಂದು ಅವಳಿಗೆ ಹೇಳಬೇಕಾಗಿರಲಿಲ್ಲ.

ಸಮಾಧಾನ ಹೇಳುವ ದಾರಿ ಹುಡುಕುತ್ತ ಅವ್ವ ಅಂದಳು: "ಇರಲಿ ತಗಿಯವ್ವಾ. ಅಂಬೋಲಿ ಒಂದರ ನಿನಗ ತೋರಿಸಿ ಹೋದ."

"ಅಂಬೋಲಿ? ನಾವು ಬೆಳಗಾವಿ ದಾಟಲಿಲ್ರಿ ಅಕ್ಕಾರ."

ಅವಳು ಹೇಳಿದ್ದು ಇಷ್ಟು. ಗುರುವಾರ ಬೆಳಗಾವಿ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಘಟ್ಟದಲ್ಲಿ ಗಿಡ ಬಿದ್ದು ಬಸ್ಸುಗಳು ನಿಂತಿವೆ ಎಂದು ಸ್ಟ್ಯಾಂಡಿನಲ್ಲಿ ಯಾರೋ ಅಂದರು. ಹತ್ತಿರವೇ ಒಂದು ಲಾಡ್ಜಿನಲ್ಲಿ ಉಳಿದರು. ಶುಕ್ರವಾರ ಇಡೀ ದಿನ ಮಳೆ, ಅವರು ಮಲಗಿಯೇ ಇದ್ದರು. ಶನಿವಾರ ಮುಂಜಾನೆ ಬಸ್ಸು ಬಿಟ್ಟಿದೆಯೇ ನೋಡಿ ಬರುತ್ತೇನೆಂದು ಇಳಿದು ಹೋದವರು, ಬಂದದ್ದು ದೀಪ ಹಚ್ಚುವ ಹೊತ್ತಿಗೆ, ಮೈಯೆಲ್ಲ ತೋಯಿಸಿಕೊಂಡು. ರವಿವಾರ ಊರಿಗೆ ಮರಳಿದರು.

"ಎಲ್ಲಿ ಹೋಗಿದ್ರಿ ಅಂತ ಕೇಳಿದೆ. ನಕ್ಕರು. ನಾನೂ ಸಿಟ್ಟಿನ್ಯಾಗಿದ್ದೆ, ಮುಂದ ಕೇಳಲಿಲ್ಲ. ಇಡೀ ದಿನಾ ಕ್ವಾಣಿ ಬಾಗಲಾ ಹಾಕ್ಕೊಂಡು ಕುಂತಿದ್ನಿರಿ, ಯಾರಾರ ಬಂದು ಹಿಂಗ ಆಗೇತಿ ಅಂತ ಹೇಳತಾರೇನೋ ಅಂತ."

ನಾನು ಚಹಾದ ಲೋಟ ಕೆಳಗಿಟ್ಟೆ.

"ನಿಮಗ ಏನಂತ ಹೇಳಿದ್ರು?" ಎಂದು ಅವಳು ಕೇಳಿದಳು.

"ಇಬ್ಬರೂ ಹೋಗಿದ್ವಿ ಅಂದ" ಎಂದಳು ಅವ್ವ.

"ನಾನೂ ಇದ್ನ್ಯಾ?"

"ನೀನೂ ಇದ್ದೆಯವ್ವಾ."

ಅವಳು ಸೆರಗು ಸರಿಮಾಡಿಕೊಂಡು ಹತ್ತಿರ ಸರಿದು ಕೂತಳು. "ನಾ ಅಲ್ಲಿ ಏನ ಮಾಡಿದ್ನಿ ಅಂತ ಹೇಳಿದ್ರ್ಯಾ ಅಕ್ಕಾರ?"

ಅವ್ವ ಹೇಳತೊಡಗಿದಳು. ಕಿಟಕಿ ಮುಚ್ಚಲು ಹೋದದ್ದು, ಮಂಜಿನಲ್ಲಿ ಕೈ ಕಾಣದಾದದ್ದು. ಅಷ್ಟು ನನಗೂ ಗೊತ್ತಿತ್ತು. ಆದರೆ ಅವ್ವ ಅಲ್ಲಿಗೆ ನಿಲ್ಲಿಸಲಿಲ್ಲ. ಕಣಿವೆಯ ಅಂಚಿಗೆ ಹೋದಾಗ ನೀನು ಅವನ ಅಂಗಿಯ ತುದಿ ಹಿಡಿದುಕೊಂಡಿದ್ದೆಯಂತೆ. ಸುಟ್ಟ ತೆನೆ ನೀನೊಬ್ಬಳೇ ತಿಂದೆಯಂತೆ, ಅವನಿಗೆ ವಾಸನೆಯಷ್ಟೇ ಕೊಟ್ಟೆಯಂತೆ. ಛತ್ರಿ ಉಲ್ಟಾ ಆದಾಗ ಬಿದ್ದು ಬಿದ್ದು ನಕ್ಕೆಯಂತೆ. ಆ ಹೆಂಗಸು ಬಾಯಿ ಸ್ವಲ್ಪ ತೆರೆದು, ಬೇರೆ ಯಾರದೋ ಸುದ್ದಿ ಕೇಳುವವಳ ಹಾಗೆ ಕೇಳುತ್ತಿದ್ದಳು. ಛತ್ರಿಯ ಮಾತಿಗೆ ನಕ್ಕಳು. ಹೊರಗೆ ಯಾರೋ ಗಾದಿ ಕೇಳಲು ಬಂದು ಕೂಗಿದರೂ ಏಳಲಿಲ್ಲ.

ಬಸ್ಸಿನಲ್ಲಿ ಅವ್ವನನ್ನು ಕೇಳಿದೆ, ತೆನೆಯ ಮಾತನ್ನು, ಛತ್ರಿಯ ಮಾತನ್ನು ಕಾಕಾ ಯಾವಾಗ ಹೇಳಿದರು ಎಂದು.

"ನೀ ಚಾ ತರಾಕ ಹೋದಾಗ" ಎಂದಳು, ಕಿಟಕಿಯ ಕಡೆ ಮುಖ ಮಾಡಿ.

ನಾನು ಚಹಾ ತರಲು ಹೋಗುತ್ತಿದ್ದದ್ದು ನಿಜ. ಆ ಸೋಮವಾರ ಹೋಗಿದ್ದೆನೋ ಇಲ್ಲವೋ ನನಗೆ ನೆನಪಿಲ್ಲ. ಶನಿವಾರ ಮುಂಜಾನೆಯಿಂದ ದೀಪ ಹಚ್ಚುವ ಹೊತ್ತಿನವರೆಗೆ ಅವರು ಒಬ್ಬರೇ ಘಟ್ಟದ ಬಸ್ಸು ಹತ್ತಿ ಹೋಗಿ ಬಂದರೋ, ಅಥವಾ ಬೆಳಗಾವಿಯ ಸ್ಟ್ಯಾಂಡಿನ ಬೆಂಚಿನ ಮೇಲೆಯೇ ಮಳೆ ನೋಡುತ್ತ ಕೂತಿದ್ದರೋ, ಅದೂ ನನಗೆ ಗೊತ್ತಿಲ್ಲ.